ಯಾರದೋ ಎರಡು ಕಿಡ್ನಿ

ಕಳೆದ ವಾರ ಮೊಣಕೈಯ ಎಕ್ಸ್‌ರೇ ತೆಗೆಸಲು ದೊಡ್ಡ ಆಸ್ಪತ್ರೆಗೆ ಹೋಗಬೇಕಾಯಿತು. ಬಾಗಿಲು ದಾಟಿದ್ದೇ ತಡ, ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರಿನ ವಾಸನೆ, ಅದರ ಜೊತೆಗೇ ಕ್ಯಾಂಟೀನಿನ ಕರಿದ ಈರುಳ್ಳಿಯ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಬರುತ್ತಿದ್ದ ಅಜ್ಜನೊಬ್ಬ ನನಗೆ ಡಿಕ್ಕಿ ಹೊಡೆದು, ತಪ್ಪು ನನ್ನದಾದರೂ ತಾನೇ ಕ್ಷಮೆ ಕೇಳಿ ಮುಂದೆ ಹೋದ. ಈ ವಾಸನೆಯೊಳಗೆ ನಾನು ಇಡೀ ಒಂದು ಶರತ್ಕಾಲ ಬದುಕಿದ್ದೇನೆ. ಇಲ್ಲೇ ಉಂಡಿದ್ದೇನೆ, ಜಗಳ ಆಡಿದ್ದೇನೆ, ಅತ್ತಿದ್ದೇನೆ. ಎಕ್ಸ್‌ರೇಗೆ ಹೆಸರು ಕೂಗಿದ್ದು ಕೂಡ ಕೇಳಿಸಲಿಲ್ಲ.

ನಾವು ಧಾರವಾಡದ ಕಡೆಯವರು. ಗಂಡ ಮಹಾಂತೇಶ ಜರ್ಮನಿಯ ರೇಗನ್ಸ್‌ಬರ್ಗಿನ ಒಂದು ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರು. ನಾನು ಅಂಥದೇ ಇನ್ನೊಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬಂದ ಮಾಲಿನಲ್ಲಿ ಗೀರು, ಬಿರುಕು, ಡೊಂಕು ಕಂಡರೆ ಕೆಂಪು ಚೀಟಿ ಹಚ್ಚಿ ವಾಪಸು ಕಳಿಸುವುದು ನನ್ನ ಕೆಲಸ. ಮನೆಯಲ್ಲೂ ಅದೇ ಬುದ್ಧಿ ಎಂದು ಮಹಾಂತೇಶ ಕಾಡಿಸುತ್ತಿದ್ದ. ಬದನೆಕಾಯಿ ಆರಿಸುವಾಗ ನನ್ನ ಜೊತೆ ಅಂಗಡಿಗೆ ಬರಲು ಅವನಿಗೆ ನಾಚಿಕೆಯಂತೆ!

ಬಿಪಿ ಎಂಬುದು ಯಾವಾಗ ಬಂತು, ಯಾವಾಗ ಅವನ ಎರಡೂ ಕಿಡ್ನಿ ತಿಂದು ಹಾಕಿತು, ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವಷ್ಟರಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಗಿತ್ತು. ನನ್ನದೊಂದು ಕಿಡ್ನಿ ಕೊಡೋಣವೆಂದರೆ ನನಗೆ ಸಕ್ಕರೆ ಕಾಯಿಲೆ. ಊರಲ್ಲಿರುವ ಅತ್ತೆಗೂ ಬಿಪಿ. ಇನ್ನು ಉಳಿದದ್ದು ತೀರಿಹೋದವರ ಕಿಡ್ನಿಗಾಗಿ ಕಾಯುವುದು. ಈ ದೇಶದಲ್ಲಿ ಆ ಸರದಿ ವರ್ಷಗಟ್ಟಲೆ ಹಿಡಿಯುತ್ತದೆ. ಮಹಾಂತೇಶನಿಗೆ ಮೂತ್ರ ಬರುವುದೇ ನಿಂತುಹೋಗಿತ್ತು. ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕುಡಿಯುತ್ತಿದ್ದ. ಬೇಸಿಗೆಯಲ್ಲಿ ಮಗಳು ನೀರಿನ ಬಾಟಲಿ ಎತ್ತಿ ಗಟಗಟ ಕುಡಿಯುವುದನ್ನು ಅವನು ಕಣ್ಣು ಕೀಳದೆ ನೋಡುತ್ತಿದ್ದ.

ಅಕ್ಟೋಬರಿನ ಒಂದು ಭಾನುವಾರ, ಡಾನ್ಯೂಬ್ ನದಿಯ ಮಂಜು ಮಧ್ಯಾಹ್ನವಾದರೂ ಕಿಟಕಿ ಬಿಟ್ಟು ಹೋಗಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಮಹಾಂತೇಶ ಫೋನು ಹಿಡಿದು ಅಡುಗೆಮನೆಗೆ ಬಂದ. "ಕಿಡ್ನಿ ಬಂದೈತಂತ" ಎಂದ. ಮುಖದಲ್ಲಿ ಸಂತೋಷವಿರಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟ.

ಆ ಕಡೆ ಇದ್ದದ್ದು ಆಸ್ಪತ್ರೆಯ ಅಂಗ ಕಸಿ ವಿಭಾಗದ ಡಾಕ್ಟರಮ್ಮ. ಆಕೆ ಯಾವುದನ್ನೂ ಮುಚ್ಚಿಡಲಿಲ್ಲ. ಕೊಟ್ಟವರು ಆರೋಗ್ಯವಾಗಿದ್ದವರೇ. ಆದರೆ ಕೊನೆಯ ದಿನಗಳಲ್ಲಿ ರಕ್ತದ ಒತ್ತಡ ಪೂರ್ತಿ ಕುಸಿದು ಕಿಡ್ನಿಗಳಿಗೆ ದೊಡ್ಡ ಪೆಟ್ಟು ಬಿದ್ದಿದೆ. ಸಾಯುವ ಹೊತ್ತಿಗೆ ಅವು ಹೆಚ್ಚುಕಡಿಮೆ ಕೆಲಸ ನಿಲ್ಲಿಸಿದ್ದವು. ಬೇರೆ ಕೆಲವು ಆಸ್ಪತ್ರೆಗಳು ಬೇಡವೆಂದಿವೆ. "ಇದು ಹಳೇ ರೋಗವಲ್ಲ, ಹೊಸ ಪೆಟ್ಟು. ಇಂಥ ಪೆಟ್ಟಿನಿಂದ ಕಿಡ್ನಿ ಚೇತರಿಸಿಕೊಳ್ಳಬಲ್ಲದು. ಆದರೆ ಕೂಡಲೇ ಕೆಲಸ ಮಾಡುವುದಿಲ್ಲ. ವಾರಗಟ್ಟಲೆ ಮಲಗಿರಬಹುದು. ಏಳದೆಯೂ ಹೋಗಬಹುದು" ಎಂದರು. ನಿರ್ಧಾರ ಬೇಗ ಹೇಳಬೇಕಿತ್ತು.

ಮಹಾಂತೇಶ ನನ್ನ ಕಡೆ ನೋಡಿದ. "ನೀನ ಹೇಳು. ದಿನಾ ಮಾಲು ನೋಡಾಕಿ ನೀನು."

"ಇದೇನು ಬೇರಿಂಗ್ ಐತೇನ್ರಿ?" ಎಂದು ರೇಗಿದೆ. ನಿಜ ಹೇಳಬೇಕೆಂದರೆ ಕೈ ಆಗಲೇ ಮನಸ್ಸಿನಲ್ಲಿ ಕೆಂಪು ಚೀಟಿ ಹುಡುಕುತ್ತಿತ್ತು. ಬೇರೆಯವರು ಬೇಡವೆಂದ ಮಾಲು! ಆದರೂ ಬಾಯಿ ಸುಮ್ಮನಿರಲಿಲ್ಲ. ನಿಮ್ಮ ಮನೆಯವರಿಗೆ ಆಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ. ಆಕೆ, "ನನ್ನ ಅಣ್ಣನಿಗಾಗಿದ್ದರೆ ತಗೋ ಅನ್ನುತ್ತಿದ್ದೆ. ಖಾತ್ರಿ ಮಾತ್ರ ಕೊಡಲಾರೆ" ಎಂದರು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ನಾನು ಒಲೆ ಆರಿಸಿದೆ.

"ಹೂಂ ಅನ್ರಿ" ಎಂದೆ.

ಅವನು ಹೂಂ ಎಂದ. ಆ ಘಳಿಗೆಯಿಂದ ಅದು ನಾನು ಪಾಸು ಮಾಡಿದ ಕಿಡ್ನಿ ಆಯಿತು. ಏಳದಿದ್ದರೆ ಅದರ ಹೊಣೆ ನನ್ನದು ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವು ಆಸ್ಪತ್ರೆ ಸೇರಿದಾಗ, ರಕ್ತ ಪರೀಕ್ಷೆಯ ಕೋಣೆಯ ಹೊರಗೆ ಇನ್ನೊಬ್ಬ ಹೆಂಗಸು ಕೂತಿದ್ದಳು. ಐವತ್ತರ ಆಸುಪಾಸು, ಗಿಡ್ಡ ಕೂದಲು, ಗಟ್ಟಿ ದನಿ. ಹೆಸರು ಮೋನಿಕಾ. ಊರಿನ ಸಿಟಿ ಬಸ್ ಓಡಿಸುತ್ತಿದ್ದವಳು. ಡಯಾಲಿಸಿಸ್ ಶುರುವಾದ ಮೇಲೆ ಬಿಟ್ಟಿದ್ದಳು. ನಮ್ಮನ್ನು ನೋಡಿದ್ದೇ, "ನಿಮಗೂ ಪೆಟ್ಟು ತಿಂದದ್ದೇನಾ?" ಎಂದು ಕೇಳಿದಳು.

ಅವಳಿಗೂ ಆ ಡಾಕ್ಟರಮ್ಮನೇ, ಅದೇ ಹೊತ್ತಿಗೆ, ಅದೇ ಮಾತು ಹೇಳಿ ಫೋನು ಮಾಡಿದ್ದರಂತೆ. ಕೊಟ್ಟವರು ಯಾರು, ಯಾರಿಗೆ ಏನು ಹೋಯಿತು ಎಂಬುದನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಕಾನೂನು ಹಾಗಿದೆ. ನರ್ಸುಗಳನ್ನು ಕೇಳಿದರೆ ಚಾವಣಿ ನೋಡುತ್ತಿದ್ದರು. ಆದರೆ ಒಂದೇ ಮಧ್ಯಾಹ್ನ, ಒಂದೇ ವಾರ್ಡು, ಎರಡು ಪೆಟ್ಟು ತಿಂದ ಕಿಡ್ನಿ. ಇದಕ್ಕೆ ಲೆಕ್ಕ ಬೇರೆ ಬೇಕೆ? ಯಾರೋ ಒಬ್ಬರು ಹೋಗಿದ್ದರು, ಅವರದೊಂದು ಇವನಿಗೆ, ಒಂದು ಇವಳಿಗೆ.

ಹೋದವರ ಮನೆಯಲ್ಲಿ ಅವತ್ತು ಏನು ನಡೆಯುತ್ತಿರಬಹುದು ಎಂದು ಯೋಚಿಸಿದೆ. ಎಲ್ಲೋ ಒಂದು ಮನೆಯಲ್ಲಿ ಭಾನುವಾರದ ಊಟ ಹಾಗೇ ಉಳಿದಿರುತ್ತದೆ. ಅವರ ದುಃಖಕ್ಕೆ ನನ್ನಲ್ಲಿ ಜಾಗ ಇರಬೇಕಿತ್ತು. ಆದರೆ ನನ್ನಲ್ಲಿ ಬರೀ ಭಯ ತುಂಬಿತ್ತು.

ಸಂಜೆ ಒಬ್ಬರಾದ ಮೇಲೆ ಒಬ್ಬರಿಗೆ ಆಪರೇಷನ್ ಆಯಿತು. ಹೊಟ್ಟೆಯ ಬಲಗಡೆ, ತೊಡೆಸಂದಿಗಿಂತ ತುಸು ಮೇಲೆ ಹೊಸ ಕಿಡ್ನಿ ಕೂಡಿಸಿದರು. ಹೊಲಿಗೆ ಚೆನ್ನಾಗಿ ಬಂದಿದೆ, ರಕ್ತ ಓಡುತ್ತಿದೆ ಎಂದರು. ಹಾಸಿಗೆಯ ಪಕ್ಕ ಮೂತ್ರದ ಚೀಲ ತೂಗುಹಾಕಿದ್ದರು. ಅದು ಖಾಲಿ. ಮರುದಿನವೂ ಖಾಲಿ. ಅದರ ಮರುದಿನ ತಳದಲ್ಲಿ ಒಂದಿಷ್ಟು ಕೆಂಪು ನೀರು. ಮಹಾಂತೇಶನನ್ನು ಮತ್ತೆ ಡಯಾಲಿಸಿಸ್‌ಗೆ ಒಯ್ದರು. ಹೊಸ ಕಿಡ್ನಿ ಇಟ್ಟುಕೊಂಡು ಹಳೇ ಮೆಷಿನ್ನಿಗೆ ಹೋಗುವುದೆಂದರೆ ಏನು ಕರ್ಮ!

ನಾಲ್ಕೈದು ದಿನದಲ್ಲಿ ಮೋನಿಕಾಳ ಚೀಲ ತುಂಬತೊಡಗಿತು. ಎದುರಿನ ಕೋಣೆ ಅವಳದು. ಅವಳ ನಗು ಗೋಡೆ ದಾಟಿ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಇಲ್ಲವೆಂದರೆ ಸುಳ್ಳು. ಮಹಾಂತೇಶನಿಗೆ ಮಾತ್ರ ಅದು ಬೇರೆ ರೀತಿ ಕಂಡಿತು. "ಆಕಿದು ಎದ್ದೈತಿ ಅಂದ್ರ ನಂದೂ ಏಳತೈತಿ. ಎರಡೂ ಒಂದ ಅಂಗಡಿ ಮಾಲಲ್ಲ?" ಎಂದ. ಅಂದಿನಿಂದ ಬೆಳಗಾದರೆ ಮೊದಲ ಪ್ರಶ್ನೆ ಅವಳದೇ. ಮೋನಿಕಾಗೆ ಮೂತ್ರ ಎಷ್ಟು ಹೋಯಿತಂತೆ? ಜಗತ್ತಿನಲ್ಲಿ ಇನ್ಯಾವ ಗಂಡಸು ಪರ ಹೆಂಗಸಿನ ಬಗ್ಗೆ ಈ ಪ್ರಶ್ನೆ ಕೇಳಿ ಹೆಂಡತಿಯಿಂದ ಉತ್ತರ ಪಡೆದಿದ್ದಾನೋ ಕಾಣೆ.

ಒಂದೇ ಕಡೆಯಿಂದ ಬಂದ ಎರಡು ಕಿಡ್ನಿ ಒಂದೇ ರೀತಿ ನಡೆಯಬೇಕೆಂದೇನಿಲ್ಲ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಅವನು ತಲೆಯಾಡಿಸಿ ಕೇಳಿದ, ಕಿವಿಗೆ ಹಾಕಿಕೊಳ್ಳಲಿಲ್ಲ.

ಗದಗಿನ ಹತ್ತಿರದ ಊರಿನಿಂದ ಅತ್ತೆ ದಿನಾ ವಿಡಿಯೋದಲ್ಲಿ ಬರುತ್ತಿದ್ದರು. ಮೋನಿಕಾಳ ಸಂಗತಿ ಕೇಳಿ ಅವರು ತಕ್ಷಣ ತೀರ್ಮಾನ ಕೊಟ್ಟರು. "ಒಬ್ಬರ ದೇಹದ್ದು ಇಬ್ಬರೊಳಗ ಐತಿ. ಅಂದಮ್ಯಾಲೆ ನೀವಿಬ್ಬರೂ ಒಂದ ಹೊಟ್ಟಿಯವ್ರು ಆದಂಗ ಆತಲ್ಲೋ. ಆಕಿ ನಿನಗ ಅಕ್ಕ."

"ಯವ್ವಾ, ಆಕಿ ಬಸ್ ಡ್ರೈವರ್ ಅದಾಳ, ಜರ್ಮನ್‌ದಾಕಿ" ಎಂದ ಮಹಾಂತೇಶ.

"ಇರವಲ್ಲಳ್ಯಾಕ. ಬಸ್ ಹೊಡಿಯೋ ಅಕ್ಕ ಇರಬಾರ್ದೇನು?" ಎಂದರು ಅತ್ತೆ. ಅಲ್ಲಿಂದ ಮುಂದೆ ಅವಳು ಅವರ ಬಾಯಲ್ಲಿ ಮೋನವ್ವ ಆದಳು.

ಇತ್ತ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಆಪರೇಷನ್ ಸಕ್ಸೆಸ್ ಎಂದು ಯಾರೋ ಹಾಕಿಬಿಟ್ಟಿದ್ದರು. ಕೈ ಮುಗಿದ ಚಿತ್ರಗಳು, ಹೂವು, ಪಟಾಕಿ! ಬೆಂಗಳೂರಿನ ಹುಡುಗ ಚೇತನ್ ಒಂದು ಸಂಜೆ ಚೀಲದ ತುಂಬ ಎಳನೀರಿನ ಪ್ಯಾಕೆಟ್ಟು ಹೊತ್ತು ಬಂದ. "ಅಕ್ಕಾ, ದಿನಾ ಎರಡು ಕುಡಿಸಿ. ಉಷ್ಣ ಇಳಿದ್ರೆ ಸರಾಗವಾಗಿ ಹೋಗತ್ತೆ. ನಮ್ಮಜ್ಜಿಗೆ ಹಂಗೇ ಆಗಿದ್ದು."

ಮಹಾಂತೇಶ ಆಗಲೇ ಒಂದರ ಮೂತಿ ಕತ್ತರಿಸಿ ಬಾಯಿಯ ಹತ್ತಿರ ಒಯ್ದಿದ್ದ. ನಾನು ಕಿತ್ತುಕೊಂಡ ರಭಸಕ್ಕೆ ಅರ್ಧ ಎಳನೀರು ಹಾಸಿಗೆ ಮೇಲೆ ಚೆಲ್ಲಿತು. "ಇದರೊಳಗ ಪೊಟ್ಯಾಸಿಯಂ ಐತಿ! ಕಿಡ್ನಿ ಕೆಲಸಾ ಮಾಡದಾಗ ಇದನ್ನ ಕುಡಿದ್ರ ಹಾರ್ಟ್ ನಿಂತ ಹೋಗತೈತಿ! ಗೊತ್ತೈತೇನು?" ಎಂದು ಕಿರುಚಿದೆ. ಚೇತನ್‌ನ ಮುಖ ಬಿಳುಚಿಕೊಂಡಿತು. ಪಾಪ, ನಮ್ಮ ಕಡೆ ಮೂತ್ರ ಕಟ್ಟಿದೆ ಎಂದರೆ ಯಾರಾದರೂ ತರುವುದು ಅದನ್ನೇ, ಎಳನೀರು ಇಲ್ಲವೇ ಬಾರ್ಲಿ ನೀರು. ಮಹಾಂತೇಶ ಒದ್ದೆ ಹಾಸಿಗೆ ನೋಡುತ್ತ, "ವಾಸನಿನಾದ್ರೂ ತಗೊಳ್ಳಿಕ್ಕೆ ಬಿಡಬೇಕಿತ್ತು" ಎಂದ. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಮೋನಿಕಾ ಮನೆಗೆ ಹೋದಳು. ಮಹಾಂತೇಶನಿಗೆ ನಡುನಡುವೆ ಜ್ವರ ಬರುತ್ತಿದ್ದುದರಿಂದ ಅವನನ್ನು ಬಿಡಲಿಲ್ಲ. ಅವಳು ವಾರಕ್ಕೆರಡು ಸಲ ತಪಾಸಣೆಗೆ ಬಂದಾಗಲೆಲ್ಲ ಅವನ ಹಾಸಿಗೆಯ ಪಕ್ಕ ಕೂತು ಹೋಗುತ್ತಿದ್ದಳು. "ನನ್ನದು ಓಡುತ್ತಿದೆ, ನಿನ್ನದು ಮುಂದಿನ ಸ್ಟಾಪಿನಲ್ಲಿ ಹತ್ತುತ್ತದೆ, ಕಾಯಿ" ಎನ್ನುತ್ತಿದ್ದಳು. ಅವಳು ಬಂದು ಹೋದ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ.

ಅವಳು ಹೀಗೆ ಬರುತ್ತಾಳೆಂದು ತಿಳಿದು ಅತ್ತೆ ನನ್ನ ಹಿಂದೆ ಬಿದ್ದರು. ಅಷ್ಟರಲ್ಲಿ ದೀಪಾವಳಿಯೂ ಬಂದಿತ್ತು. "ಮನಿ ಮಗಳನ್ನ ಬರಿಗೈಲೆ ಕಳಸ್ತೀಯೇನವಾ ಶೈಲಾ? ಉಡಿ ತುಂಬು." ಅವಳಿಗೆ ಗಂಡನಿಲ್ಲ, ಬಿಟ್ಟು ಬಹಳ ವರ್ಷವಾಯಿತಂತೆ ಎಂದೆ. ಅತ್ತೆಗೆ ಸಿಟ್ಟೇ ಬಂತು. "ಮಗಳಿಗೆ ಉಡಿ ತುಂಬಾಕ ಗಂಡ ಯಾಕ ಬೇಕು? ಹೊಟ್ಟಿ ತುಂಬಿರ್ಲಿ ಅಂತ ತುಂಬೋದದು."

ವಾರ್ಡಿನಲ್ಲಿ ಅಂಥದಕ್ಕೆಲ್ಲ ಅವಕಾಶವಿರಲಿಲ್ಲ. ಹಾಗಾಗಿ ಕೆಳಗಿನ ಕ್ಯಾಂಟೀನಿನಲ್ಲಿ, ಈರುಳ್ಳಿ ಕರಿಯುವ ವಾಸನೆಯ ನಡುವೆ, ಮೋನಿಕಾಳನ್ನು ಎದ್ದು ನಿಲ್ಲಲು ಹೇಳಿದೆ. ಸೆರಗು ಎಲ್ಲಿಂದ ಬರಬೇಕು? ಅವಳು ಜಾಕೆಟಿನ ಎರಡೂ ಅಂಚು ಹಿಡಿದು ಮುಂದೆ ಚಾಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಮೇಲೆ ನನ್ನ ತವರಿನವರು ಕೊಟ್ಟ ಒಂದು ಖಣ. ಫೋನಿನಲ್ಲಿ ಅತ್ತೆ ಹಾಗೆ ಹಾಕು, ಹೀಗೆ ಹಾಕು ಎಂದು ಕೂಗುತ್ತಿದ್ದರು. ಪಕ್ಕದ ಮೇಜಿನವರು ಚಮಚ ಕೆಳಗಿಟ್ಟು ನೋಡುತ್ತಿದ್ದರು. ಇದರ ಅರ್ಥವೇನೆಂದು ಮೋನಿಕಾ ಕೇಳಿದಳು. ಮಗಳು ತವರಿನಿಂದ ಖಾಲಿಯಾಗಿ ಹೋಗಬಾರದು ಎಂದು ಹೇಳಿದೆ. ಅವಳು ಜಾಕೆಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಕೂತಳು. ಕಾಫಿ ಆರಿತು. ತನಗೆ ಇದುವರೆಗೆ ತವರು ಅಂತ ಯಾವುದೂ ಇರಲಿಲ್ಲ ಎಂದಳು.

ನವೆಂಬರ್ ಬಂತು. ಕತ್ತಲೆ ಬೇಗ ಬೀಳುತ್ತಿತ್ತು, ಮಂಜು ಕರಗುತ್ತಲೇ ಇರಲಿಲ್ಲ. ಮಗಳು ದಿನಾ ಶಾಲೆಯಿಂದ ಬಂದು "ಶ್ಲೇಫ್ಟ್ ಝೀ ನೋಖ್?" ಎಂದು ಕೇಳುತ್ತಿದ್ದಳು. ಅದಿನ್ನೂ ಮಲಗಿದೆಯಾ ಎಂದು. ಹೌದು ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಡಾಕ್ಟರುಗಳು ಸೂಜಿ ಚುಚ್ಚಿ ಕಿಡ್ನಿಯ ಚೂರು ತೆಗೆದು ನೋಡಿದರು. ಜೀವ ಇದೆ, ಪೆಟ್ಟು ಮಾಯುತ್ತಿದೆ, ಕಾಯಿರಿ ಎಂದರು. ಕಾಯಿರಿ ಎನ್ನುವುದು ಸುಲಭ. ಫ್ಯಾಕ್ಟರಿಯಲ್ಲಿ ಒಂದೊಂದು ಬಿಡಿಭಾಗ ಕೈಗೆತ್ತಿಕೊಂಡಾಗಲೂ ನಾನು ಪಾಸು ಮಾಡಿದ ಆ ಕಿಡ್ನಿಯೇ ಕಣ್ಣ ಮುಂದೆ ಬರುತ್ತಿತ್ತು.

ಒಂದು ಬೆಳಗ್ಗೆ ವಾರ್ಡಿಗೆ ಹೋದಾಗ ಕೊನೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಾಸಿಗೆಯಲ್ಲಿ ಮೋನಿಕಾ. ಮುಖ ಊದಿತ್ತು. ದೇಹ ಕಿಡ್ನಿಯನ್ನು ಒಪ್ಪುತ್ತಿಲ್ಲ, ಔಷಧಿಯ ಮೇಲೆ ಔಷಧಿ ಕೊಟ್ಟರೂ ನಿಲ್ಲುತ್ತಿಲ್ಲ ಎಂದಳು. ನಾನು ಬಾಗಿಲು ಮುಚ್ಚಿ ಅವಳ ಪಕ್ಕ ಕೂತೆ. ಅವಳು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಅವನಿಗೆ ಹೇಳಬೇಡ. ಅವನು ನನ್ನನ್ನು ನೋಡಿಕೊಂಡೇ ದಿನ ದೂಡುತ್ತಿದ್ದಾನೆ."

ಮುಂದಿನ ಕೆಲವು ದಿನ ಅವಳು ಆಸ್ಪತ್ರೆಯ ಅಂಗಿ ಕಳಚಿ, ಮೇಲೆ ತನ್ನ ಜಾಕೆಟ್ಟು ಹಾಕಿ, ತುಟಿಗೆ ಬಣ್ಣ ಹಚ್ಚಿ, ತಪಾಸಣೆಗೆ ಹೊರಗಿನಿಂದ ಬಂದವಳ ಹಾಗೆ ಮಹಾಂತೇಶನ ಕೋಣೆಗೆ ಬಂದು ಹೋದಳು. "ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದಳು. ಅವನು "ಸೂಪರ್" ಎನ್ನುತ್ತಿದ್ದ. ನಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ಅವಳು ಹೋದ ಮೇಲೆ ಒಂದು ದಿನ ಅವನೇ ಮೆಲ್ಲಗೆ ಬಾಯಿಬಿಟ್ಟ. "ಶೈಲಾ, ಆಕಿಗೆ ಬರಬ್ಯಾಡ ಅಂತ ಹೇಳು. ನಡಿಯಾಕ ತ್ರಾಸ ಆಗತೈತಿ."

"ಅಂದ್ರ?"

"ಸೋಮವಾರ ಡಯಾಲಿಸಿಸ್ ಕೋಣ್ಯಾಗ ಪರದೆ ಆಚೆ ಆಕಿನ ಇದ್ಲು. ದನಿ ಗೊತ್ತಾಗಂಗಿಲ್ಲೇನು ನನಗ?" ಅವನೇ ಮುಂದುವರಿಸಿದ. "ನೀ ಎಷ್ಟ ಸುಳ್ಳು ಹೇಳ್ತೀ ನೋಡೂಣು ಅಂತ ಸುಮ್ಮನಿದ್ದೆ. ಚಲೋ ಹೇಳ್ತೀ ಬಿಡು." ನಗಲು ನೋಡಿದ. ಆಗಲಿಲ್ಲ. ಅವನ ಕಣ್ಣಲ್ಲಿ ನೀರು ನಾನು ನೋಡಿದ್ದು ಆ ಇಡೀ ಕಾಯಿಲೆಯಲ್ಲಿ ಅದೊಂದೇ ಸಲ. ಇನ್ನು ತನ್ನದೂ ಏಳುವುದಿಲ್ಲ ಎಂದ. ನಾನು ಇಲ್ಲ ಎನ್ನಲಿಲ್ಲ, ಯಾಕೆಂದರೆ ನನಗೂ ಹಾಗೇ ಅನಿಸುತ್ತಿತ್ತು.

ಅದಾದ ಮೇಲೆ, ಊರಿನ ಚೌಕದಲ್ಲಿ ಕ್ರಿಸ್‌ಮಸ್ ಸಂತೆಯ ಮರದ ಅಂಗಡಿಗಳನ್ನು ಎಬ್ಬಿಸುತ್ತಿದ್ದ ದಿನಗಳಲ್ಲಿ, ಮೂತ್ರದ ಚೀಲದ ತಳ ಒದ್ದೆಯಾಗಿ ಕಾಣತೊಡಗಿತು. ಮರುದಿನ ಇನ್ನಷ್ಟು. ಇನ್ನೆರಡು ದಿನಕ್ಕೆ ನರ್ಸ್ ಅಳತೆಯ ಜಗ್ಗು ಎತ್ತಿ ಬೆಳಕಿಗೆ ಹಿಡಿದು, ಮತ್ತೆ ನೋಡಿ, ಹೊರಗೆ ಓಡಿದಳು. ಡಾಕ್ಟರಮ್ಮ ಬಂದರು. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ತಾನಾಗಿಯೇ ಇಳಿಯುತ್ತಿದೆ, ಇವತ್ತು ಡಯಾಲಿಸಿಸ್ ಬೇಡ ಎಂದರು. ಅಯ್ಯೋ ದೇವರೇ, ಮೂತ್ರ ಕಂಡು ಕೈಮುಗಿಯುವ ಕಾಲ ನನಗೆ ಬರುತ್ತದೆ ಎಂದು ಯಾರು ಎಣಿಸಿದ್ದರು!

ಮಹಾಂತೇಶನಿಗೆ ನೆನಪಾದದ್ದು ಒಂದೇ. "ಮೋನಿಕಾಗ ಹೇಳಬ್ಯಾಡ" ಎಂದ. ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟು ಅವಳ ಕೋಣೆಗೆ ಬರೀ ನೋಡಿ ಬರಲು ಹೋದೆ. ನನ್ನ ಮುಖ ಯಾವತ್ತು ಏನನ್ನು ಮುಚ್ಚಿಟ್ಟಿದೆ? ಅವಳು ದಿಂಬಿನಿಂದ ತಲೆ ಎತ್ತಿ ನೋಡಿದಳು. "ಎಷ್ಟು?" ಎಂದು ಕೇಳಿದಳು. ಹೇಳಿದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕೈಗಳ ಹಿಂದಿನಿಂದ ಅವಳ ದನಿ ಬಂತು. "ಹಾಗಾದರೆ ಅವು ಕೆಟ್ಟವು ಆಗಿರಲಿಲ್ಲ. ನಾವು ಹೂಂ ಅಂದದ್ದು ಸರಿಯಾಗಿತ್ತು."

ನಾವು ಎಂದಳು. ಅವಳೂ ತನ್ನ ಮನೆಯಲ್ಲಿ ಒಬ್ಬಳೇ ಫೋನು ಹಿಡಿದು ಹೂಂ ಅಂದವಳೇ. ಸರಿಯೋ ತಪ್ಪೋ ಎಂದು ಇಷ್ಟು ದಿನ ನನ್ನ ಹಾಗೆಯೇ ನಿದ್ದೆಗೆಟ್ಟಿದ್ದಳು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅವಳ ಕಿಡ್ನಿ ಉಳಿಯಲಿಲ್ಲ. ತೆಗೆದುಹಾಕಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ ಎಂದು ನಿರ್ಧಾರವಾಯಿತು. ಆ ಆಪರೇಷನ್ನಿಗೆ ಗೊತ್ತುಮಾಡಿದ ದಿನವೇ ಮಹಾಂತೇಶನನ್ನು ಮನೆಗೆ ಬಿಟ್ಟರು. ನಾವು ಬಟ್ಟೆಯ ಚೀಲ ಹಿಡಿದು ಲಿಫ್ಟಿನ ಮುಂದೆ ನಿಂತಿದ್ದಾಗ ಅವಳ ಹಾಸಿಗೆಯನ್ನು ತಳ್ಳಿಕೊಂಡು ಬಂದರು. ಹಸಿರು ಟೊಪ್ಪಿಗೆ, ಬಣ್ಣವಿಲ್ಲದ ತುಟಿ. ಮಹಾಂತೇಶ ಚೀಲ ಕೆಳಗಿಟ್ಟ.

"ಮುಟ್ಟಬಹುದಾ?" ಎಂದು ಮೋನಿಕಾ ಕೇಳಿದಳು.

ಅವನು ಕೋಟಿನ ಗುಂಡಿ ಬಿಚ್ಚಿ ಹಾಸಿಗೆಯ ಹತ್ತಿರ ಸರಿದ. ಅವಳು ಕೈ ಚಾಚಿ ಅವನ ಹೊಟ್ಟೆಯ ಬಲಗಡೆ, ಹೊಲಿಗೆ ಇದ್ದಲ್ಲಿ, ಅಂಗಿಯ ಮೇಲೆ ಅಂಗೈ ಇಟ್ಟಳು. ತಳ್ಳುತ್ತಿದ್ದ ಹುಡುಗಿ ಅವಸರ ಮಾಡಲಿಲ್ಲ. ಲಿಫ್ಟು ಬಂದು ಬಾಗಿಲು ತೆರೆಯಿತು, ಮುಚ್ಚಿತು. ಮೋನಿಕಾ ಕೈ ತೆಗೆಯಲಿಲ್ಲ. ಮಹಾಂತೇಶನೂ ಅಲುಗಾಡಲಿಲ್ಲ.

"ಬೆಚ್ಚಗಿದೆ" ಎಂದಳು. ಎರಡನೇ ಸಲ ಲಿಫ್ಟು ಬಂದಾಗ ಅವಳನ್ನು ಒಳಗೆ ಒಯ್ದರು.